ಬ್ಯಾಂಡ್‌ಗೆ ಪಟ್ಟೆಯೋ ಪದರವೋ?

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ, ಉಪಗ್ರಹ ಚಿತ್ರಗಳನ್ನು ಪೈಥಾನ್‌ನಲ್ಲಿ ಓದಿ ಬರೆಯುವ ಬಗ್ಗೆ ಟಿಪ್ಪಣಿ ಮಾಡುತ್ತಿದ್ದೇನೆ. ಅದರಲ್ಲಿ ಬರುವ ಇಂಗ್ಲಿಷ್ ಪದಗಳಿಗೆ ಕನ್ನಡ ಹುಡುಕುತ್ತಿದ್ದೇನೆ. ಪಿಕ್ಸೆಲ್ ಹಾಗೇ ಇರಲಿ. ಅಡ್ಡಸಾಲು, ಕಂಬಸಾಲು ಗಣಿತದ ಪುಸ್ತಕದಲ್ಲೇ ಇವೆ. ತೊಡಕು ಇರುವುದು ಬ್ಯಾಂಡ್‌ನಲ್ಲಿ.

ಭೂಮಿಯ ಚಿತ್ರ ತೆಗೆಯುವ ಸೆಂಟಿನೆಲ್-2 ಉಪಗ್ರಹದಲ್ಲಿ 13 ಬ್ಯಾಂಡ್. ಇಲ್ಲಿ ಬ್ಯಾಂಡ್ ಅಂದರೆ ಬೆಳಕಿನ ಒಂದು ಹರವು: ಬಿ4 ಕೆಂಪು, ಬಿ8 ಕಣ್ಣಿಗೆ ಕಾಣದ ಅವಕೆಂಪು. ಇದಕ್ಕೆ ‘ಪಟ್ಟೆ’ ಚೆನ್ನಾಗಿ ಹೊಂದುತ್ತದೆ. ಆದರೆ ಒಂದು ಪಿಕ್ಸೆಲ್ ನೆಲದ ಮೇಲೆ 10 ಮೀಟರ್ ಆಗುವ ಬಿ2, ಬಿ3, ಬಿ4, ಬಿ8ಗಳನ್ನು ಇದೇ ಕ್ರಮದಲ್ಲಿ ನೆಲದ ಸ್ಥಾನವನ್ನೂ ದಾಖಲಿಸುವ ಚಿತ್ರದ ಫೈಲಾದ ಒಂದು ಜಿಯೊಟಿಫ್‌ಗೆ ಸೇರಿಸಿದರೆ, ಬಿ8 ಆ ಫೈಲಿನ 4ನೇ ಬ್ಯಾಂಡ್. ಇಂಥ ಫೈಲನ್ನು ಓದುವ ಪೈಥಾನ್ ಲೈಬ್ರರಿ ರಾಸ್ಟೀರಿಯೊದಲ್ಲಿ ರೀಡ್(4) ಅಂದರೆ ಅದು ಸಿಗುತ್ತದೆ, ಎಣಿಕೆ 1ರಿಂದ. ಎಲ್ಲವನ್ನೂ ಒಟ್ಟಿಗೆ ನಂಪೈ ಅರೇಗೆ (ಪೈಥಾನ್‌ನಲ್ಲಿ ಸಂಖ್ಯೆಗಳನ್ನು ಜೋಡಿಸಿಡುವ ಕೋಷ್ಟಕ) ತಂದರೆ ಎಣಿಕೆ ಸೊನ್ನೆಯಿಂದ. ಈಗ ಅದೇ ಬಿ8ರ ನಂಬರು 3! ಮಕ್ಕಳು ದಾರಿ ತಪ್ಪುವುದೇ ಇಲ್ಲಿ.

ಅಡಿಕೆ ತೋಟ ಎಷ್ಟು ಹಸಿರು, ಪಕ್ಕದ ಮುರಕಲ್ಲಿನ ಗುಡ್ಡ ಎಷ್ಟು ಬೋಳು ಅಂತ ನೋಡಲು ಬಿ8ರಿಂದ ಬಿ4 ಕಳೆದು, ಎರಡರ ಮೊತ್ತದಿಂದ ಭಾಗಿಸುತ್ತೇವೆ. ಉತ್ತರವನ್ನು ಬರೆಯುವಾಗ ಹಳೇ ಪ್ರೊಫೈಲನ್ನೇ (ಫೈಲಿನ ವಿವರಗಳನ್ನು) ತೆಗೆದುಕೊಂಡು ಕೌಂಟ್, ಅಂದರೆ ಬ್ಯಾಂಡ್‌ಗಳ ಸಂಖ್ಯೆ, 4 ಇದ್ದದ್ದನ್ನು 1 ಮಾಡಬೇಕು, ಡಿಟೈಪ್ (ಸಂಖ್ಯೆಯ ಬಗೆ) ದಶಮಾಂಶಕ್ಕೆ ಹೊಂದುವ ಫ್ಲೋಟ್32. ಈ ಹೊಸ ಫೈಲಲ್ಲೂ ಒಂದು ಬ್ಯಾಂಡ್ ಇದೆ, ಅಲ್ವಾ? ಅದು ಯಾವ ಬೆಳಕೂ ಅಲ್ಲ, ಬರೀ ಲೆಕ್ಕ. ಅದನ್ನು ಪಟ್ಟೆ ಅನ್ನಲು ಮನಸ್ಸು ಒಪ್ಪುವುದಿಲ್ಲ. ಪದರ ಅಂದರೆ ಸರಿ ಅನಿಸುತ್ತದೆ.

ಪಟ್ಟೆಗೆ ಇನ್ನೊಂದು ತೊಂದರೆ ಇದೆ. ಬಣ್ಣದ ಚಿತ್ರಕ್ಕೆ ರೀಡ್([3, 2, 1]) ಅಂತ ಪಟ್ಟಿ ಕೊಡುತ್ತೇವೆ. ‘ಪಟ್ಟೆಗಳ ಪಟ್ಟಿ’ ಅಂದರೆ ತರಗತಿಯಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ.

ಪದರಕ್ಕೂ ತಕರಾರು ಬರಬಹುದು. ಬಿಐಪಿ ಎಂಬ ಪಿಕ್ಸೆಲ್‌ವಾರು ಜೋಡಣೆಯಲ್ಲಿ ಒಂದು ಪಿಕ್ಸೆಲ್‌ನ ನಾಲ್ಕೂ ಬೆಲೆಗಳು ಡಿಸ್ಕಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ, ಪದರ ಎಲ್ಲಿ ಬಂತು ಅಂತ ಕೇಳಬಹುದು. ಇದು ನನಗೆ ದೊಡ್ಡ ಅಡ್ಡಿ ಅನಿಸುವುದಿಲ್ಲ. ರಾಸ್ಟೀರಿಯೊ ಓದಿ ಕೊಡುವ ಅರೇ ಹೇಗಿದ್ದರೂ ಬ್ಯಾಂಡ್, ಅಡ್ಡಸಾಲು, ಕಂಬಸಾಲು ಎಂಬ ಕ್ರಮದಲ್ಲೇ ಇರುತ್ತದೆ.

ಹಾಗಾಗಿ ಉಪಗ್ರಹದ್ದಕ್ಕೆ ಬ್ಯಾಂಡ್ ಅಂತಲೇ ಉಳಿಸಿ, ಫೈಲಿನೊಳಗಿನದ್ದಕ್ಕೆ ಪದರ ಅನ್ನೋಣ ಅಂತಿದ್ದೇನೆ. ಒಂದೇ ಚಿಂತೆ: ನಕ್ಷೆಯ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಇಡೀ ಫೈಲೇ ಒಂದು ಲೇಯರ್. ಪದರವನ್ನು ಇಲ್ಲಿ ಬಳಸಿಬಿಟ್ಟರೆ ಆ ಲೇಯರ್‌ಗೆ ಏನನ್ನೋಣ? ಕನ್ನಡದಲ್ಲಿ ಇದನ್ನು ಕಲಿಸುವವರು ಏನು ಬಳಸುತ್ತೀರಿ, ದಯವಿಟ್ಟು ತಿಳಿಸಿ.