ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವಾಗ ರಕ್ತದ ಕಲೆ ಕಂಡರೆ?

ಪ್ರಶ್ನೆ: ಅಮ್ಮನಿಗೆ 58 ವರ್ಷ. ಸ್ತನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ದಿನಾ ಟ್ಯಾಮಾಕ್ಸಿಫೆನ್ 20 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದಾರೆ. ಮುಟ್ಟು ನಿಂತು ಎಷ್ಟೋ ವರ್ಷವಾಗಿದೆ. ಹೋದ ವಾರ ಬಟ್ಟೆಯಲ್ಲಿ ರಕ್ತದ ಕಲೆ ಕಂಡಿತಂತೆ. "ಹಾರ್ಮೋನ್ ಮಾತ್ರೆ ಅಲ್ವಾ, ಮುಟ್ಟು ಮತ್ತೆ ಶುರುವಾಗಿರುತ್ತೆ" ಅಂತಾರೆ ದೊಡ್ಡಮ್ಮ. ಆಗಾಗ ಮೈ ಬಿಸಿಯೇರಿ ಬೆವರುತ್ತಾರೆ ಕೂಡ. ಮುಂದಿನ ಚೆಕಪ್ ಎರಡು ತಿಂಗಳಿಗೆ. ಅಲ್ಲಿಯವರೆಗೆ ಕಾಯಬಹುದಾ?

ಉತ್ತರ (ಸ್ತ್ರೀರೋಗ ತಜ್ಞೆ): ಬೇಡ, ಈ ವಾರವೇ ತೋರಿಸಿ. ಮುಟ್ಟು ನಿಂತು ವರ್ಷ ದಾಟಿದ ಮೇಲೆ ಕಾಣುವ ರಕ್ತವನ್ನು, ಒಂದು ಚುಕ್ಕೆಯಾದರೂ ಸರಿ, ನಾವು ಮುಟ್ಟು ಅಂತ ಲೆಕ್ಕ ಹಾಕುವುದಿಲ್ಲ.

ಟ್ಯಾಮಾಕ್ಸಿಫೆನ್ ಸ್ತನದಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿಗೆ ಅಡ್ಡ ನಿಲ್ಲುತ್ತದೆ. ಗರ್ಭಕೋಶದಲ್ಲಿ ಮಾತ್ರ ತಾನೇ ಈಸ್ಟ್ರೋಜನ್ ಥರ ಕೆಲಸ ಮಾಡುತ್ತದೆ. ಅದರಿಂದ ಅಲ್ಲಿನ ಒಳಪದರ ದಪ್ಪವಾಗಬಹುದು, ಪಾಲಿಪ್ (ಸಣ್ಣ ಗಂಟಿನಂಥದ್ದು) ಬೆಳೆಯಬಹುದು. ಅಪರೂಪಕ್ಕೆ ಕ್ಯಾನ್ಸರ್ ಆಗುವುದೂ ಉಂಟು, ಬೇಗ ಗೊತ್ತಾದರೆ ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಈ ಮಾತ್ರೆ ನುಂಗುವವರಲ್ಲಿ ಬೇರೇನೂ ತೊಂದರೆ ಇಲ್ಲದಿದ್ದರೂ ಸ್ಕ್ಯಾನಿನಲ್ಲಿ ಒಳಪದರ ದಪ್ಪ ಕಾಣುವುದು ಜಾಸ್ತಿ. ಹಾಗಾಗಿ ಬಯಾಪ್ಸಿ (ಒಳಪದರದ ಚೂರು ತೆಗೆದು ಪರೀಕ್ಷಿಸುವುದು) ಮಾಡೋಣ ಅಂದರೆ ಗಾಬರಿ ಬೀಳಬೇಡಿ.

ಮೈ ಬಿಸಿಯೇರುವುದು ಬಹಳ ಜನರಿಗೆ ಆಗುತ್ತದೆ, ಚೆಕಪ್ ದಿನ ಹೇಳಿದರೂ ನಡೆಯುತ್ತೆ. ಆದರೆ ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ದಿಢೀರ್ ಉಸಿರು ಕಟ್ಟುವುದು, ಎದೆನೋವು, ಬಾಯಿ ಸೊಟ್ಟಗಾಗುವುದು ಇವಕ್ಕೆ ಬೆಳಗಾಗುವ ತನಕವೂ ಕಾಯಬಾರದು. ರಕ್ತ ಹೆಪ್ಪುಗಟ್ಟಿರಬಹುದು. ನೇರ ಎಮರ್ಜೆನ್ಸಿಗೆ ಹೋಗಿ. ಕಣ್ಣು ಮಂಜಾದರೂ ಡಾಕ್ಟರಿಗೆ ಹೇಳಿ.

ಮರುಪ್ರಶ್ನೆ: ಗಂಡಸು ಡಾಕ್ಟರ ಹತ್ತಿರ ಹೇಳಲು ಅಮ್ಮನಿಗೆ ನಾಚಿಕೆ. ಸದ್ಯಕ್ಕೆ ಮಾತ್ರೆ ನಿಲ್ಲಿಸಿಬಿಡಲಾ?

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಇವತ್ತೇ ಕ್ಯಾನ್ಸರ್ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಅಮ್ಮ ಚೀಟಿಯಲ್ಲಿ ಬರೆದು ಕೊಟ್ಟರೂ ಸಾಕು, ಎಷ್ಟೋ ಜನ ಹಾಗೇ ಮಾಡುತ್ತಾರೆ. ಬೇರೆ ಕಡೆ ಯಾರಾದರೂ ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್ ಅಥವಾ ಫ್ಲುಆಕ್ಸೆಟಿನ್ ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನೂ ತೋರಿಸಿ. ಅವು ಟ್ಯಾಮಾಕ್ಸಿಫೆನ್ನಿನ ಬಲ ಕುಗ್ಗಿಸಬಹುದು.

ಇನ್ನೊಬ್ಬ ಸದಸ್ಯರು: ನನ್ನ ಹೆಂಡತಿಗೆ ಸ್ತನ ಕ್ಯಾನ್ಸರಿಗೆ ಲೆಟ್ರೋಜೋಲ್ ಮಾತ್ರೆ ಕೊಟ್ಟಿದ್ದಾರೆ. ಅದಕ್ಕೂ ಹೀಗೇನಾ?

ಉತ್ತರ: ಅದರ ದಾರಿಯೇ ಬೇರೆ. ದೇಹದಲ್ಲಿ ಈಸ್ಟ್ರೋಜನ್ ತಯಾರಾಗುವುದನ್ನೇ ಅದು ಇಳಿಸುತ್ತದೆ. ಗರ್ಭಕೋಶದ ಚಿಂತೆ ಕಡಿಮೆ, ಮೂಳೆ ಸವೆಯುವ ಚಿಂತೆ ಜಾಸ್ತಿ. ಬೆಳಗ್ಗೆ ಎದ್ದಾಗ ಬೆರಳು, ಮಂಡಿ ಬಿಗಿದುಕೊಳ್ಳುವುದನ್ನು "ವಯಸ್ಸಾಯ್ತು" ಅಂತ ತಳ್ಳಿಹಾಕಬೇಡಿ, ಡಾಕ್ಟರಿಗೆ ಹೇಳಿದರೆ ಮಾತ್ರೆ ಬದಲಿಸಬಹುದು. ಡೆಕ್ಸಾ ಸ್ಕ್ಯಾನ್ (ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಪರೀಕ್ಷೆ) ಆಗಿದೆಯಾ ಅಂತ ಕೇಳಿ. ರಕ್ತದ ಕಲೆ ಕಂಡರೆ ಮಾತ್ರ ಅವರೂ ತಡ ಮಾಡದೆ ತೋರಿಸಬೇಕು.