ಸೂರ್‌ನಲ್ಲಿ ಟೀಚರ್, ಜೂನ್-ಜುಲೈ ರಜೆ: ಊರಿಗಾ, ಸಲಾಲಾಕ್ಕಾ, ಜಾರ್ಜಿಯಾಕ್ಕಾ?

ಶರಾವತಿ ದಂಡೆ (ಸೂರ್, ಒಮಾನ್)

ಎಲ್ಲರಿಗೂ ನಮಸ್ಕಾರ. ನಾನು ಸೂರ್‌ನ ಒಂದು ಇಂಡಿಯನ್ ಸ್ಕೂಲಿನಲ್ಲಿ ಪ್ರೈಮರಿ ಮಕ್ಕಳಿಗೆ ಗಣಿತ, ಇವಿಎಸ್ (ಪರಿಸರ ಪಾಠ) ಕಲಿಸುತ್ತೇನೆ. ಊರು ಹೊನ್ನಾವರ. ನಮ್ಮ ಮನೆಯವರಿಗೆ ಮಸ್ಕತ್‌ನಲ್ಲಿ ಕೆಲಸ, ಗುರುವಾರ ಸಂಜೆ ಬಂದು ಶನಿವಾರ ರಾತ್ರಿ ಹೊರಡುತ್ತಾರೆ. ಮಗಳು ಎರಡನೇ ಕ್ಲಾಸು, ನನ್ನ ಶಾಲೆಯಲ್ಲೇ.

ಜೂನ್ ಮೊದಲ ವಾರದಿಂದ ಜುಲೈ ಕೊನೆಯವರೆಗೆ ರಜೆ. ಇಲ್ಲಿಗೆ ಬಂದ ಮೇಲೆ ಇದೇ ಮೊದಲ ದೊಡ್ಡ ರಜೆ. ಸ್ಟಾಫ್ ರೂಮಿನಲ್ಲಿ ಈಗ ಬೇರೆ ಮಾತೇ ಇಲ್ಲ. ಪೇಪರ್ ತಿದ್ದುತ್ತಲೇ ಒಬ್ಬರು ಟಿಕೆಟ್ ರೇಟು ನೋಡುತ್ತಾರೆ, ಇನ್ನೊಬ್ಬರು ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯ ಫೋಟೋ ತೋರಿಸುತ್ತಾರೆ. ಕೇರಳದ ಟೀಚರ್‌ಗಳು ತಿಂಗಳುಗಳ ಹಿಂದೆಯೇ ಬುಕ್ ಮಾಡಿ ನಿಶ್ಚಿಂತೆಯಿಂದಿದ್ದಾರೆ. ನಮ್ಮ ಮನೆಯಲ್ಲಿ ಇನ್ನೂ ಒಮ್ಮತ ಬಂದಿಲ್ಲ.

ಅತ್ತೆಗೆ ನಾವು ರಜೆ ಪೂರ್ತಿ ಊರಲ್ಲಿರಬೇಕು. ಮನೆಯವರಿಗೆ ಸಿಗುವುದು ಎರಡೇ ವಾರ, ಅದೂ ಜುಲೈಯಲ್ಲಿ, ಅವರಿಗೆ ಜಾರ್ಜಿಯಾ ನೋಡುವಾಸೆ. ನನಗೆ ಊರು ಬೇಕು, ಆದರೆ ಜೂನ್-ಜುಲೈ ಅಂದರೆ ಅಲ್ಲಿ ಶಾಲೆ ಶುರುವಾಗಿರುತ್ತದೆ. ಅಣ್ಣನ ಮಕ್ಕಳು ಬೆಳಿಗ್ಗೆ ಕೊಡೆ ಹಿಡಿದು ಹೋದರೆ ಬರುವುದು ಸಂಜೆಗೆ. ಇವಳು ಇಡೀ ದಿನ ಯಾರ ಜೊತೆ ಆಡಬೇಕು? ಮೀನೂ ಅಷ್ಟಕ್ಕಷ್ಟೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ.

ಇಲ್ಲೇ ಉಳಿಯೋಣವೆಂದರೆ ಈ ಸೆಕೆ. ಟ್ಯಾಂಕಿನ ನೀರು ಮುಟ್ಟಲಾಗದಷ್ಟು ಬಿಸಿ. ಪಕ್ಕದ ಮನೆಯ ಟೀಚರ್ ಹೇಳಿಕೊಟ್ಟಂತೆ ಗೀಸರ್ ಆಫ್ ಮಾಡಿಟ್ಟು, ಅದರೊಳಗೆ ತಣಿದ ನೀರಲ್ಲಿ ಮಗಳಿಗೆ ಸ್ನಾನ ಮಾಡಿಸುತ್ತಿದ್ದೇನೆ. ಹೊತ್ತು ಮುಳುಗುವವರೆಗೆ ಅವಳನ್ನು ಹೊರಗೆ ಬಿಡುವ ಹಾಗಿಲ್ಲ. ಜೂನಿನಲ್ಲಿ ನಮ್ಮ ಬಿಲ್ಡಿಂಗೇ ಖಾಲಿಯಾಗುತ್ತದಂತೆ.

ಮೂರು ಜನರ ಟಿಕೆಟ್ಟಿಗೆ ಒಂದು ಮಿತಿಯ ದುಡ್ಡಿದೆ. ಊರು, ಜಾರ್ಜಿಯಾ ಎರಡೂ ಒಂದೇ ವರ್ಷ ಆಗುವುದಿಲ್ಲ. ಇಲ್ಲಿ ಬೇಸಿಗೆ ಕಳೆದವರು ಯಾರಾದರೂ ದಾರಿ ಹೇಳಿ.

ಪುತ್ತೂರಿನ ಟೀಚರಮ್ಮ (ಮಸ್ಕತ್)

ನಿಮ್ಮ ಪ್ರಶ್ನೆ ಓದಿ ಖುಷಿಯಾಯ್ತು ಟೀಚರೇ. ನಾನು ಮಸ್ಕತ್‌ನಲ್ಲಿ ಸಮಾಜ ವಿಜ್ಞಾನ ಕಲಿಸಿ ಈಗ ನಿವೃತ್ತಿಯಾದವಳು. ಯಜಮಾನರ ಕೆಲಸ ಇನ್ನೂ ಇರುವುದರಿಂದ ಇಲ್ಲೇ ಇದ್ದೇನೆ.

ಮೊದಲು ಟಿಕೆಟ್ ವಿಷಯ. ಶಾಲೆ ಮುಚ್ಚಿದ ಮರುದಿನ ಹೊರಟು, ತೆರೆಯುವ ಹಿಂದಿನ ದಿನ ಬರುವ ಹಟ ಬೇಡ. ಒಮಾನಿನಲ್ಲಿರುವ ಇಂಡಿಯನ್ ಸ್ಕೂಲುಗಳ ಸಂಸಾರಗಳೆಲ್ಲ ಆ ಒಂದೆರಡು ವಾರದಲ್ಲೇ ಹಾರುವುದು, ದರ ಏರುವುದೂ ಆಗಲೇ. ಜೂನ್ ನಡುವಿಗೆ ಹೊರಡಿ, ಜುಲೈ ನಡು ದಾಟುತ್ತಲೇ ಬನ್ನಿ. ಎಲ್ಲರೂ ಊರಿಗೆ ಹೋಗುವಾಗ ನೀವು ಇಲ್ಲಿ, ಎಲ್ಲರೂ ವಾಪಸ್ ಬರುವ ಮೊದಲೇ ನೀವು ವಾಪಸ್. ಹೊನ್ನಾವರಕ್ಕೆ ಮಂಗಳೂರೂ ಆಗ್ತದೆ, ಗೋವಾವೂ ಆಗ್ತದೆ, ಯಾವುದು ಕಡಿಮೆಯೋ ಅದು. ರೈಲಿಗೆ ಮಾತ್ರ ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿ ನೋಡಿಯೇ ಬುಕ್ ಮಾಡಿ. ಜೂನ್ ನಡುವಿಂದ ಗಾಡಿಗಳ ವೇಗ ಇಳಿಸ್ತಾರೆ, ಸಮಯ ಎಲ್ಲ ಬದಲಾಗ್ತದೆ. ಹಾಗೆಯೇ ಮೂರೂ ಜನರ ಪತಾಕ (ಇಲ್ಲಿಯ ರೆಸಿಡೆಂಟ್ ಕಾರ್ಡ್) ಯಾವಾಗ ಮುಗಿಯುತ್ತದೆ, ಪಾಸ್‌ಪೋರ್ಟಿನ ಅವಧಿ ಎಷ್ಟುಂಟು, ಇವತ್ತೇ ತೆಗೆದು ನೋಡಿ.

ಇನ್ನು ಆ ಮೊದಲ ದಿನಗಳು. ಸೂರ್‌ನಲ್ಲಿದ್ದುಕೊಂಡು ಜೂನ್‌ಗೆ ಹೆದರ್ತೀರಲ್ಲ, ನನಗೆ ಅದೇ ಬೇಸರ. ನಿಮ್ಮ ಮನೆಯಿಂದ ಮುಕ್ಕಾಲು ಗಂಟೆ ಕಾರಿನಲ್ಲಿ ಹೋದರೆ ರಾಸ್ ಅಲ್ ಜಿನ್ಜ್ ಕಡಲಾಮೆ ಸಂರಕ್ಷಣಾ ತಾಣ. ಹಸಿರು ಕಡಲಾಮೆಗಳು ವರ್ಷವಿಡೀ ಅಲ್ಲಿಗೆ ಮೊಟ್ಟೆ ಇಡಲು ಬರ್ತವೆ, ಆದರೆ ಅತಿ ಹೆಚ್ಚು ಬರುವುದು ಈ ಬೇಸಿಗೆ ತಿಂಗಳುಗಳಲ್ಲೇ. ರಾತ್ರಿ ಒಂದು ಗುಂಪು, ಬೆಳಗಿನ ಜಾವ ಒಂದು ಗುಂಪು ಅಂತ ಗೈಡ್ ಜೊತೆ ಕರ್ಕೊಂಡು ಹೋಗ್ತಾರೆ, ಮುಂಚೆಯೇ ಬುಕ್ ಮಾಡಬೇಕು. ಮಗುವಿಗೆ ಮೊದಲೇ ಹೇಳಿಕೊಡಿ: ಟಾರ್ಚ್ ಇಲ್ಲ, ಫ್ಲ್ಯಾಶ್ ಇಲ್ಲ, ಗಲಾಟೆ ಇಲ್ಲ. ನನ್ನ ಹಿರಿಯ ಮಗ ಇದನ್ನು ನೋಡಿದ್ದು ಮೂರನೇ ಕ್ಲಾಸಿನಲ್ಲಿ. ಅಷ್ಟು ದೊಡ್ಡ ಪ್ರಾಣಿ ಕಾಲುಗಳಿಂದ ಮರಳು ಎರಚಿ ಗುಂಡಿ ಮುಚ್ಚುವುದನ್ನು ನೋಡಿ ಮನೆಗೆ ಬರುವವರೆಗೆ ಮಾತೇ ಆಡಲಿಲ್ಲ. ಆಮೇಲೆ ಎರಡು ದಿನ ಪ್ರಶ್ನೆಗಳೇ ಪ್ರಶ್ನೆಗಳು. ಇವಿಎಸ್ ಕಲಿಸುವವರು ನೀವು, ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲುಂಟು?

ಸೆಕೆ ತಡೆಯದಿದ್ದರೆ ಒಂದು ಶುಕ್ರವಾರ ದಕ್ಷಿಣಕ್ಕೆ ಅಲ್ ಅಶ್ಖರಾ ಕಡೆ ಹೋಗಿ. ಮಸ್ಕತ್ ಉರಿಯುವಾಗ ಅಲ್ಲಿ ಅರಬ್ಬಿ ಸಮುದ್ರದ ಮುಂಗಾರು ಗಾಳಿ ತಂಪಾಗಿ ಬೀಸ್ತದೆ. ಕಡಲಿಗೆ ಇಳಿಯಬೇಡಿ, ಅಲೆ ಜೋರು. ರಸ್ತೆ ಮೇಲೆ ಮರಳು ಹಾರಿ ಬಂದಿರ್ತದೆ, ನಿಧಾನ. ಕಾರು ಫೋರ್ ವೀಲ್ ಆದರೆ ಜಬಲ್ ಅಖ್ದರ್ ಬೆಟ್ಟ ಕೂಡ ಆಗ್ತದೆ. ಸುಮಾರು 2,000 ಮೀಟರ್ ಎತ್ತರ, ಕೆಳಗಿಗಿಂತ ಎಷ್ಟೋ ತಂಪು. ಸಾದಾ ಕಾರನ್ನು ಬಿರ್ಕತ್ ಅಲ್ ಮೌಜ್‌ನ ಪೊಲೀಸ್ ಚೆಕ್‌ಪೋಸ್ಟಿನಲ್ಲೇ ತಿರುಗಿಸಿ ಕಳಿಸ್ತಾರೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದು. ನೀವು ಹೊನ್ನಾವರದವರು ಅಂತ ಓದಿದ ಕೂಡಲೇ ನನಗೆ ನೆನಪಾದದ್ದು ಕಲ್ಹಾತ್. ಸೂರ್‌ನಿಂದ ಮಸ್ಕತ್ ರಸ್ತೆಯಲ್ಲಿ ಸಿಗುವ ಆ ಹಾಳು ಪಟ್ಟಣವನ್ನು ಯುನೆಸ್ಕೋ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾರ್ಮುಜ್ ರಾಜ್ಯದ ದೊಡ್ಡ ಬಂದರು ಅದು, ಅಲ್ಲಿಂದ ಹಿಂದೂಸ್ತಾನಕ್ಕೆ ಕುದುರೆ ಬರ್ತಿತ್ತು. ವಿಜಯನಗರದ ಕಾಲದಲ್ಲಿ ಅರಬ್ಬಿ ಕುದುರೆಗಳು ಇಳಿಯುತ್ತಿದ್ದ ರೇವುಗಳಲ್ಲಿ ಭಟ್ಕಳ, ಹೊನ್ನಾವರ ಇದ್ದವು. ಹದಿನಾಲ್ಕನೇ ಶತಮಾನದ ಮೊರಾಕ್ಕೋ ಯಾತ್ರಿಕ ಇಬ್ನ್ ಬತೂತ ಕಲ್ಹಾತ್‌ಗೆ ಬಂದು, ಅಲ್ಲಿ ಆಳಿದ್ದ ಬೀಬಿ ಮರಿಯಂ ಕಟ್ಟಿಸಿದ ಮಸೀದಿಯನ್ನು ಹೊಗಳಿದ್ದಾನೆ. ಅದೇ ಮನುಷ್ಯ ಮುಂದೆ 1340ರ ದಶಕದಲ್ಲಿ ನಿಮ್ಮ ಹೊನ್ನಾವರಕ್ಕೂ ಬಂದ. ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಅಂತ ಬರೆದಿಟ್ಟಿದ್ದಾನೆ. ಹೊನ್ನಾವರದಿಂದ ಬಂದು ಕಲ್ಹಾತ್‌ನ ಪಕ್ಕದಲ್ಲಿ ಶಾಲೆ ಕಲಿಸುವ ಹೆಣ್ಣುಮಗಳು ನೀವು! ಮಗಳನ್ನು ಕರ್ಕೊಂಡು ಒಂದು ಸಂಜೆ ಹೋಗಿ ಬನ್ನಿ. ಬೀಬಿ ಮರಿಯಂ ಗೋರಿಯ ಹತ್ತಿರ ಬಿಡ್ತಾರಾ ಅಂತ ಮೊದಲು ವಿಚಾರಿಸಿ, ಕೆಲವೊಮ್ಮೆ ದುರಸ್ತಿಗೆ ಮುಚ್ಚಿರ್ತದೆ. ಸೂರ್‌ನಲ್ಲೇ ಹಾಯಿಹಡಗು ಕಟ್ಟುವ ಅಂಗಳವನ್ನೂ ತೋರಿಸಿ. ಆ ಹಡಗುಗಳಿಗೆ ಸಾಗುವಾನಿ ಬರ್ತಿದ್ದದ್ದು ನಮ್ಮ ಪಡುವಣ ಕರಾವಳಿಯಿಂದ.

ಊರಲ್ಲಿ ಮಗಳಿಗೆ ಜೊತೆ ಇಲ್ಲ ಅಂದಿರಿ. ಇಲ್ಲಿ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಹಿಂದಿ ಉಂಟು, ಮಲಯಾಳ ಉಂಟು, ಅರಬ್ಬಿ ಉಂಟು; ಕನ್ನಡ ಕಲಿಯಲು ಮನೆಯೇ ಗತಿ. ಆ ಒಂದು ತಿಂಗಳು ಮಧ್ಯಾಹ್ನದ ಹೊತ್ತು ಅಜ್ಜಿಯ ಹತ್ತಿರ ಕೂರಿಸಿ ಅಕ್ಷರ ಬರೆಸಿ. ಅಣ್ಣನ ಮಕ್ಕಳು ಸಂಜೆ ಬಂದು ಮನೆಕೆಲಸ ಮಾಡುವಾಗ ಇವಳೂ ಅವರ ಕನ್ನಡ ಪುಸ್ತಕ ಹಿಡಿದು ಕೂರಲಿ. ನನ್ನ ಇಬ್ಬರು ಮಕ್ಕಳೂ ಕನ್ನಡ ಓದಲು ಕಲಿತದ್ದು ಹೀಗೆ ಮಳೆಗಾಲದ ರಜೆಯಲ್ಲೇ. ಒಂದು ಭಾನುವಾರ ಎಲ್ಲರನ್ನೂ ಜೋಗಕ್ಕೆ ಕರ್ಕೊಂಡು ಹೋಗಿ, ಜುಲೈಯ ಜೋಗ ನೋಡದೆ ಶರಾವತಿ ದಂಡೆಯವರು ಬೆಳೆಯುವುದುಂಟಾ?

ಯಜಮಾನರ ಎರಡು ವಾರದಲ್ಲಿ ಒಂದು ವಾರ ಊರಿಗೆ, ಒಂದು ವಾರ ಒಮಾನಿನ ದಕ್ಷಿಣದ ಸಲಾಲಾಕ್ಕೆ, ಆಗ ಅಲ್ಲಿ ಮಳೆ, ತಂಪು. ಅತ್ತೆಗೆ ಮಗ ಸಿಕ್ಕಿದ ಹಾಗೂ ಆಯ್ತು.

ಧಾರವಾಡದಾಕಿ (ಶಾರ್ಜಾ)

ನಮಸ್ಕಾರ್ರೀ. ನಾನೂ ಟೀಚರ್, ನಮ್ಮಲ್ಲೆ ರಜಾ ಜುಲೈ-ಆಗಸ್ಟ್. ಜಾರ್ಜಿಯಾದ ಬಗ್ಗೆ ನಿಮ್ಮ ಮನ್ಯಾವ್ರ ಪರವಾಗಿ ಎರಡು ಮಾತು ಬರೀತೀನಿ, ಯಾಕಂದ್ರ ಹೋಗಿ ಬಂದು ಭಾಳ ಸಂತೋಷಪಟ್ಟಾಕಿ ನಾನು.

ಗಲ್ಫಿನ ರೆಸಿಡೆನ್ಸಿ ಇದ್ದವ್ರಿಗೆ ಅಲ್ಲೆ ವೀಸಾ ಇಲ್ದ ಬಿಡ್ತಾರ. ಆದ್ರ ನಿಯಮ ಆಗಾಗ ಬದಲಾಗ್ತಾವ, ಟಿಕೆಟ್ ತಗೊಳ್ಳೂಕಿಂತ ಮೊದ್ಲ ಅವರ ಸರ್ಕಾರದ ಸೈಟ್ ನೋಡ್ಕೋರಿ. ಕಾರ್ಡಿನ ಅವಧಿ ಎಷ್ಟು ಉಳಿದಿರಬೇಕು ಅನ್ನೂದನ್ನೂ ನೋಡ್ರಿ. ಹೋಟೆಲ್ ಬುಕ್ಕಿಂಗ್, ವಾಪಸ್ ಟಿಕೆಟ್, ವಿಮಾ ಎಲ್ಲಾ ಕಾಗದದ ಮ್ಯಾಲ ಕೈಯಾಗ ಇರಲಿ, ಫೋನಿನ ಮ್ಯಾಲ ನಂಬಿಕಿ ಇಡಬ್ಯಾಡ್ರಿ.

ಟಿಬಿಲಿಸಿ ಜುಲೈದಾಗ ಬಿಸಿಲ ಇರ್ತದ, ಅಲ್ಲೇ ಎಲ್ಲಾ ದಿನ ಕಳೀಬ್ಯಾಡ್ರಿ. ಗುಡ್ಡದ ಕಡೆ ಕಜ್ಬೆಗಿಗೆ ಹೋಗ್ರಿ. 2,170 ಮೀಟರ್ ಎತ್ತರದಾಗ ಗೆರ್ಗೆಟಿ ಚರ್ಚ್ ಅದ, ಅದರ ಹಿಂದ ಹಿಮದ ಶಿಖರ. ನಾವು ಮೀನು-ಮಾಂಸ ಮುಟ್ಟಾವ್ರಲ್ಲ, ಊಟದ್ದೇ ಚಿಂತಿ ಇತ್ತು. ಅಲ್ಲೆ ಚರ್ಚಿನ ಉಪವಾಸದ ಅಡಗಿಗೆ ಸಮರ್ಖ್ವೊ ಅಂತಾರ, ಆ ಹೆಸರು ಹೇಳಿದ್ರ ಮಾಂಸ, ತತ್ತಿ, ಹಾಲು ಯಾವುದೂ ಇಲ್ಲದ್ದು ಕೊಡ್ತಾರ. ಮಣ್ಣಿನ ಗಡಿಗ್ಯಾಗ ಬೇಯಿಸಿದ ಕಾಳಿನ ಪಲ್ಯಾಕ್ಕ ಲೋಬಿಯೋ ಅಂತಾರ, ಜೋಡಿ ಗೋವಿನಜೋಳದ ರೊಟ್ಟಿ. ನಮ್ಮ ಹುಡುಗೂರು ದಿನಾ ಅದನ್ನೇ ಬೇಡಿದ್ವು.

ಆದ್ರ ನಿಮ್ಮತ್ತಿಯವ್ರು ಮಮ್ಮಗಳನ್ನ ನೋಡಿ ವರ್ಷ ಆಗಿರಬೇಕಲ್ಲ? ಈ ವರ್ಷ ಊರಿಗೇ ಹೋಗ್ರಿ. ಜಾರ್ಜಿಯಾಕ್ಕ ಮುಂದಿನ ವರ್ಷ ಜೂನ್ದಾಗ ಹೋಗ್ರಿ, ಗುಡ್ಡದ ತುಂಬ ಹೂವು ಇರ್ತಾವ.

ಸಲಾಲಾ ಶೆಟ್ರು

ಕುಂದಾಪುರದವ ನಾನು, ಇಲ್ಲಿ ಅಂಗಡಿ ಉಂಟು. ಹೆಂಡತಿ ಇಲ್ಲಿಯ ಶಾಲೆಯಲ್ಲಿ ಟೀಚರ್. ಟೀಚರಮ್ಮ ಹೇಳಿದ್ದು ಸರಿ, ಒಂದು ಮಾತು ಸೇರಿಸ್ತೇನೆ. ಖರೀಫ್ ಅಂದರೆ ಇಲ್ಲಿಯ ಮಳೆಗಾಲ, ಲೆಕ್ಕಕ್ಕೆ ಜೂನ್ 21ಕ್ಕೆ ಶುರು, ಆದರೆ ಗುಡ್ಡ ನಿಜವಾಗಿ ಹಸಿರಾಗುವುದು ಜುಲೈ ನಡುವಿನ ನಂತರ. ಹಾಗಾಗಿ ಜುಲೈ ಕೊನೆಗೆ ಬಂದರೆ ಒಳ್ಳೆಯದು. ಮಸ್ಕತ್ 40 ದಾಟಿದಾಗ ಇಲ್ಲಿ 25ರ ಆಸುಪಾಸು, ದಿನವಿಡೀ ಮಂಜು ಮತ್ತು ಸೋನೆ ಮಳೆ. ರಸ್ತೆ ಬದಿಯಲ್ಲಿ ಎಳನೀರು, ಬಾಳೆಹಣ್ಣು, ಪಪ್ಪಾಯಿ ಮಾರುವ ಸಾಲು ಅಂಗಡಿ ನೋಡಿದರೆ ನಮ್ಮ ಕಡೆಯವರಿಗೆ ಕಣ್ಣು ತುಂಬಿ ಬರ್ತದೆ.

ಬಾಡಿಗೆ ಮಾತ್ರ ಆಗ ಜಾಸ್ತಿ, ಒಮಾನಿಗಳೂ ಎಮಿರಾತಿಗಳೂ ಸೌದಿಯವರೂ ಸಂಸಾರ ಸಮೇತ ಬರ್ತಾರೆ. ಹೋಟೆಲ್ ಬದಲು ಅಡುಗೆಮನೆ ಇರುವ ಫ್ಲ್ಯಾಟ್ ಹಿಡೀರಿ, ಭಾನುವಾರದಿಂದ ಬುಧವಾರದೊಳಗೆ ಸಿಕ್ಕಿದರೆ ಇನ್ನೂ ಕಡಿಮೆ. ಮಸ್ಕತ್‌ನಿಂದ ರಸ್ತೆಯಲ್ಲಿ ಸುಮಾರು 1,000 ಕಿಲೋಮೀಟರ್. ಬಸ್ಸೂ ಉಂಟು, ಅರ್ಧ ದಿನ ಬೇಕು. ಕಾರಾದರೆ ಬೆಳಕಿರುವಾಗ ಮಾತ್ರ ಓಡಿಸಿ, ನಡುದಾರಿಯ ಹೈಮಾದಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳಿ. ರಾತ್ರಿ ರಸ್ತೆ ಮಧ್ಯ ಒಂಟೆ ನಿಂತಿರ್ತದೆ. ತುಮ್ರೈತ್ ದಾಟಿ ಘಾಟಿ ಇಳಿಯುವಾಗ ಮಂಜಿನಲ್ಲಿ ಮುಂದಿನ ಗಾಡಿ ಕಾಣುವುದಿಲ್ಲ.

ವಾದಿ ದರ್ಬಾತ್ ಕಣಿವೆ, ಮುಗ್ಸೈಲ್‌ನಲ್ಲಿ ಬಂಡೆಯ ತೂತಿನಿಂದ ಕಡಲ ನೀರು ಚಿಮ್ಮುವ ಜಾಗ, ಅಲ್ ಬಲೀದ್ ಮ್ಯೂಸಿಯಂ, ಇಷ್ಟು ಸಾಕು. ಮಗುವಿಗೆ ಜಾರದ ಚಪ್ಪಲಿ ತನ್ನಿ, ಗುಡ್ಡವೆಲ್ಲ ಕೆಸರು.

ಶರಾವತಿ ದಂಡೆ

ಎಲ್ಲರಿಗೂ ತುಂಬಾ ಧನ್ಯವಾದ. ಮನೆಯವರಿಗೆ ಮೂರೂ ಉತ್ತರ ಓದಿ ಹೇಳಿದೆ. ಇಬ್ನ್ ಬತೂತನ ವಿಷಯ ನನಗೆ ಗೊತ್ತೇ ಇರಲಿಲ್ಲ ಟೀಚರಮ್ಮ, ಆ 13 ಶಾಲೆಗಳ ಮಾತನ್ನು ನಾಳೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳುತ್ತೇನೆ. ಜೂನ್ 16ಕ್ಕೆ ಗೋವಾ ಟಿಕೆಟ್ ನೋಡಿದೆವು, ಮೊದಲ ವಾರಕ್ಕಿಂತ ಎಷ್ಟೋ ಕಡಿಮೆ. ವಾಪಸ್ ಜುಲೈ 19. ಅತ್ತೆಗೆ ಫೋನ್ ಮಾಡಿದ್ದಕ್ಕೆ, ಸ್ಲೇಟು ಈಗಲೇ ತಂದಿಡುತ್ತೇನೆ ಅಂದರು.

ಧಾರವಾಡದ ಅಕ್ಕ, ಮುಂದಿನ ವರ್ಷಕ್ಕೆ ನಿಮ್ಮನ್ನೇ ಮತ್ತೆ ಕೇಳುತ್ತೇನೆ.

ಶೆಟ್ರೇ, ಇನ್ನೊಂದು. ನಮ್ಮದು ಸಣ್ಣ ಕಾರು, ಫೋರ್ ವೀಲ್ ಅಲ್ಲ. ಜಬಲ್ ಅಖ್ದರ್ ಬಿಟ್ಟೆವು. ಸಲಾಲಾಕ್ಕೆ ಇದರಲ್ಲೇ ಬರಬಹುದಾ, ಮಗುವನ್ನು ಕೂರಿಸಿಕೊಂಡು?

ಸಲಾಲಾ ಶೆಟ್ರು

ಧಾರಾಳ ಬರಬಹುದು, ದಾರಿ ಪೂರ್ತಿ ಟಾರು. ಟೈರು ಹಳೆಯದಾಗಿದ್ದರೆ ಹೊರಡುವ ಮೊದಲು ಬದಲಾಯಿಸಿ, ಎಸಿ ಗ್ಯಾಸ್ ನೋಡಿಸಿ, ಕುಡಿಯುವ ನೀರು ಒಂದು ಪೆಟ್ಟಿಗೆ ಹೆಚ್ಚೇ ಇಟ್ಕೊಳ್ಳಿ. ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ, ಹೈಮಾದಲ್ಲಿ ರಾತ್ರಿ ಉಳಿಯಿರಿ. ಬಂದ ದಿನ ಊಟ ನಮ್ಮ ಮನೆಯಲ್ಲಿ, ಹೆಂಡತಿ ಈಗಲೇ ಹೇಳಿದ್ದಾಳೆ.