ಅಪ್‌ಡೇಟ್: ಮಗಳ ಕೈ ನಡುಕಕ್ಕೆ ಕಾರಣ ಗೊತ್ತಾಯಿತು

ಲೋಟ ಹಿಡಿಯಲು ಹೋದಾಗ ಮಗಳ ಬಲಗೈ ನಡುಗುತ್ತದೆ, ನಡೆಯುವಾಗ ವಾಲುತ್ತಾಳೆ, ನಿಶ್ಶಕ್ತಿಯಾ ಎಂದು ಕೇಳಿದ್ದೆ. ಎಂಆರ್‌ಐ ಮಾಡಿಸಿ ಎಂದವರಿಗೆಲ್ಲ ಕೈಮುಗಿಯುತ್ತೇನೆ. ಕಿರುಮೆದುಳಿನ ಬಲಭಾಗದಲ್ಲಿ ಗಡ್ಡೆ ಇತ್ತು. ಆ ಭಾಗ ದೇಹದ ಬಲಬದಿಯ ಚಲನೆಯನ್ನೇ ಹದದಲ್ಲಿಡುವುದಂತೆ. ಅದಕ್ಕೇ ಸುಮ್ಮನೆ ಕೂತಾಗ ಸರಿಯಿದ್ದ ಕೈ, ಲೋಟ ಹತ್ತಿರವಾದಷ್ಟೂ ಜೋರಾಗಿ ನಡುಗುತ್ತಿತ್ತು. ಅವಳಿಗೆ ಬರುತ್ತಿದ್ದ ಬೆಳಗಿನ ವಾಂತಿ, ತಲೆನೋವು ಗಡ್ಡೆ ಅಡ್ಡಬಂದು ಮೆದುಳಿನ ದ್ರವ ಸರಾಗವಾಗಿ ಹರಿಯದೆ ಒತ್ತಡ ಏರಿದ್ದರಿಂದ. ಇವೆರಡೂ ಜೊತೆಗೆ ಕಂಡರೆ ದಯವಿಟ್ಟು ಕಾಯಬೇಡಿ.

ಆಪರೇಷನ್ ಆಯಿತು, ಗಡ್ಡೆ ಪೂರ್ತಿ ತೆಗೆದಿದ್ದಾರೆ. ಬಯಾಪ್ಸಿಯಲ್ಲಿ ಪೈಲೋಸೈಟಿಕ್ ಆಸ್ಟ್ರೋಸೈಟೋಮಾ, ಗ್ರೇಡ್ 1 ಎಂದು ಬಂತು, ಅಂದರೆ ನಿಧಾನವಾಗಿ ಬೆಳೆಯುವ ಗಡ್ಡೆ. ಹಾಗಾಗಿ ಕೀಮೋ, ರೇಡಿಯೇಷನ್ ಬೇಕಿಲ್ಲ. ಆಗಾಗ ಎಂಆರ್‌ಐ ಮಾಡಿಸುತ್ತಿರಬೇಕು. ನಡುಕ ತಗ್ಗಿದೆ, ಪೂರ್ತಿ ಹೋಗಿಲ್ಲ. ಫಿಸಿಯೋಥೆರಪಿ ನಡೆಯುತ್ತಿದೆ, ಗುಂಡಿ ಹಾಕಿಕೊಳ್ಳುವುದು ಇನ್ನೂ ಕಷ್ಟ, ಮೆಟ್ಟಿಲನ್ನು ಮಾತ್ರ ಗೋಡೆ ಹಿಡಿಯದೆ ಹತ್ತುತ್ತಾಳೆ.